28 ಮಿಲಿಮೀಟರ್ ಗೆಡ್ಡೆಯಲ್ಲಿ ನುಗ್ಗಿದ್ದು ಎಷ್ಟು: ಆರಂಭದ ಶ್ವಾಸಕೋಶ ಅಡಿನೋಕಾರ್ಸಿನೋಮಾದ ವರ್ಗ, ಹಂತ ನಿರ್ಧರಿಸುವ ಕ್ರಮ

ಗ್ರಾಸಿಂಗ್ ಟೇಬಲ್ಲಿನ ಮೇಲೆ, ಅಂದರೆ ತೆಗೆದ ಅಂಗಾಂಶವನ್ನು ಅಳೆದು ಕತ್ತರಿಸುವ ಲ್ಯಾಬ್ ಮೇಜಿನ ಮೇಲೆ, ಶ್ವಾಸಕೋಶ ಅಡಿನೋಕಾರ್ಸಿನೋಮಾದ (ಗ್ರಂಥಿ ಕೋಶಗಳ ಕ್ಯಾನ್ಸರಿನ) ಎರಡು ಗೆಡ್ಡೆ ಇವೆ ಎಂದುಕೊಳ್ಳಿ. ಸ್ಕೇಲ್ ಇಟ್ಟರೆ ಎರಡೂ 28 ಮಿ.ಮೀ. ಮೊದಲನೆಯದರಲ್ಲಿ ಕ್ಯಾನ್ಸರ್ ಕೋಶಗಳು ಗಾಳಿಗೂಡುಗಳ ಗೋಡೆಯ ಮೇಲೆ ಹಾಸಿಕೊಂಡು ಬೆಳೆದಿವೆ. ಗೋಡೆ ಒಡೆದು ಒಳಗೆ ನುಗ್ಗಿರುವುದು 4 ಮಿ.ಮೀ. ಜಾಗದಲ್ಲಿ ಮಾತ್ರ. ಎರಡನೆಯದರಲ್ಲಿ ಒಡೆಯಲು ಗೋಡೆಯೇ ಉಳಿದಿಲ್ಲ, ಗೆಡ್ಡೆ ಪೂರ್ತಿ ಗಟ್ಟಿ. ಕ್ಯಾನ್ಸರಿನ ಹಂತ ಹೇಳುವ ಟಿಎನ್‌ಎಂ ಪದ್ಧತಿಯಲ್ಲಿ (ಟಿ ಗೆಡ್ಡೆಗೆ, ಎನ್ ಲಿಂಫ್ ನೋಡುಗಳಿಗೆ, ಎಂ ದೂರದ ಹರಡುವಿಕೆಗೆ) ಮೊದಲನೆಯದು ಟಿ1ಎಂಐ, ಹಂತ 1ಎ1. ಎರಡನೆಯದು ಟಿ1ಸಿ, ಹಂತ 1ಎ3. ಟಿಎನ್‌ಎಂನ 7ನೇ ಆವೃತ್ತಿ ನಡೆಯುತ್ತಿದ್ದಾಗ ಇವೆರಡಕ್ಕೂ ಟಿ1ಬಿ ಎಂಬ ಒಂದೇ ಚೀಟಿ ಅಂಟುತ್ತಿತ್ತು.

ಈ ವ್ಯತ್ಯಾಸ ತಂದದ್ದು 8ನೇ ಆವೃತ್ತಿ. ಲೆಪಿಡಿಕ್ ಭಾಗ (ಗೋಡೆಯ ಮೇಲೆ ಹಾಸಿಕೊಂಡ ಬೆಳವಣಿಗೆ) ಇರುವ, ಲೋಳೆ ಸುರಿಸದ ಅಡಿನೋಕಾರ್ಸಿನೋಮಾದಲ್ಲಿ ಟಿ ಅಂಕಿಯನ್ನು ಇಡೀ ಗೆಡ್ಡೆಯ ಅಳತೆಯಿಂದ ಕೊಡುವುದಿಲ್ಲ, ಒಳನುಗ್ಗಿದ ಭಾಗದ ಅಳತೆಯಿಂದ ಕೊಡುತ್ತಾರೆ. 2025ರ ಜನವರಿಯಿಂದ ಬಳಕೆಗೆ ಬಂದ 9ನೇ ಆವೃತ್ತಿಯೂ ಇದನ್ನು ಬದಲಿಸಿಲ್ಲ. ನಿಯಮ ಒಂದೇ ಸಾಲಿನದು. ಅದನ್ನು ಪಾಲಿಸಲು ಸಿಟಿ ಕೋಣೆ, ಗ್ರಾಸಿಂಗ್ ಕೋಣೆ, ಮೈಕ್ರೋಸ್ಕೋಪ್ ಮೂರೂ ಕಡೆ ಸರಿಯಾಗಿ ಅಳೆದಿರಬೇಕು. ರಿಪೋರ್ಟ್ ತಪ್ಪಾಗುವುದು ಹೆಚ್ಚಾಗಿ ರೋಗನಿರ್ಣಯ ಗೊತ್ತಿಲ್ಲದೆ ಅಲ್ಲ, ಅಳತೆ ಕೆಟ್ಟು.

ಹೆಸರುಗಳನ್ನು ಮೊದಲು ಸರಿಮಾಡಿಕೊಳ್ಳಿ

ಹಳೆಯ ರಿಪೋರ್ಟುಗಳಲ್ಲಿ ‘ಬ್ರಾಂಕಿಯೋಲೋಆಲ್ವಿಯೋಲಾರ್ ಕಾರ್ಸಿನೋಮಾ’ ಎಂದಿರುತ್ತದೆ. 2011ರಲ್ಲಿ ಮೂರು ಅಂತರರಾಷ್ಟ್ರೀಯ ಸಂಘಗಳು ಸೇರಿ ಮಾಡಿದ ವರ್ಗೀಕರಣ ಆ ಹೆಸರನ್ನು ಕೈಬಿಟ್ಟಿತು, ವಿಶ್ವ ಆರೋಗ್ಯ ಸಂಸ್ಥೆಯ 2015ರ ಪುಸ್ತಕವೂ ಅದನ್ನೇ ಒಪ್ಪಿಕೊಂಡಿತು. ಕೈಬಿಡಲು ಕಾರಣ ಇತ್ತು. ತೆಗೆದರೆ ಪೂರ್ತಿ ವಾಸಿಯಾಗುವ ಗಂಟಿಗೂ, ಎರಡೂ ಶ್ವಾಸಕೋಶ ತುಂಬಿಕೊಳ್ಳುವ ಲೋಳೆ ಕ್ಯಾನ್ಸರಿಗೂ ಅದೇ ಹೆಸರು ನಡೆಯುತ್ತಿತ್ತು. ಈಗ ಯಾರಾದರೂ ಆ ಪದ ಬರೆದರೆ ಸ್ಲೈಡ್ ತರಿಸಿ ಮತ್ತೆ ನೋಡುವುದೇ ದಾರಿ.

ಈಗಿನ ಮೆಟ್ಟಿಲುಗಳು ಹೀಗಿವೆ. ಎಲ್ಲಕ್ಕಿಂತ ಕೆಳಗೆ ಅಟಿಪಿಕಲ್ ಅಡಿನೋಮ್ಯಾಟಸ್ ಹೈಪರ್‌ಪ್ಲೇಸಿಯಾ. ಸಾಮಾನ್ಯವಾಗಿ 5 ಮಿ.ಮೀ. ಒಳಗಿರುತ್ತದೆ, ಕೋಶಗಳ ನಡುವೆ ಸಂದು ಕಾಣುತ್ತದೆ. ಅದರ ಮೇಲಿನದು ಅಡಿನೋಕಾರ್ಸಿನೋಮಾ ಇನ್ ಸೈಟು: 3 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ, ಇಡೀ ಗೆಡ್ಡೆ ಲೆಪಿಡಿಕ್, ಎಲ್ಲೂ ನುಗ್ಗಿಲ್ಲ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ಇವೆರಡನ್ನೂ ಕ್ಯಾನ್ಸರಿನ ಪೂರ್ವರೂಪಗಳ ಸಾಲಿನಲ್ಲಿ ಕೂರಿಸಿದೆ. ಮೂರನೆಯದು ಮಿನಿಮಲಿ ಇನ್ವೇಸಿವ್ ಅಡಿನೋಕಾರ್ಸಿನೋಮಾ: ಒಟ್ಟು ಅಳತೆ 3 ಸೆಂ.ಮೀ. ಮೀರಬಾರದು, ಬಹುಪಾಲು ಲೆಪಿಡಿಕ್ ಇರಬೇಕು, ನುಗ್ಗಿದ ಭಾಗ 5 ಮಿ.ಮೀ. ದಾಟಬಾರದು. ಇಷ್ಟೇ ಸಾಲದು. ರಕ್ತನಾಳ, ಲಿಂಫ್ ನಾಳ, ಪ್ಲೂರಾ (ಶ್ವಾಸಕೋಶದ ಹೊರಪೊರೆ) ಇವುಗಳಲ್ಲಿ ಯಾವುದರೊಳಗೆ ಹೊಕ್ಕಿದ್ದರೂ, ಗೆಡ್ಡೆಯ ಅಂಚಿನಾಚೆಯ ಗಾಳಿ ಜಾಗಗಳಲ್ಲಿ ಕೋಶಗಳು ಚದುರಿದ್ದರೂ, ಗೆಡ್ಡೆಯಲ್ಲಿ ನೆಕ್ರೋಸಿಸ್ (ಸತ್ತ ಅಂಗಾಂಶ) ಇದ್ದರೂ ಈ ಹೆಸರು ಸಲ್ಲದು. ಆಗ ನುಗ್ಗಿದ್ದು 3 ಮಿ.ಮೀ. ಆಗಿದ್ದರೂ ಅದು ಇನ್ವೇಸಿವ್ ಅಡಿನೋಕಾರ್ಸಿನೋಮಾವೇ.

ಕೊನೆಯ ಮೆಟ್ಟಿಲು ಇನ್ವೇಸಿವ್ ಅಡಿನೋಕಾರ್ಸಿನೋಮಾ. ಇದರೊಳಗೆ ಯಾವ ವಿನ್ಯಾಸ ಹೆಚ್ಚಿದೆಯೋ ಅದರ ಹೆಸರು: ಲೆಪಿಡಿಕ್, ಅಸಿನಾರ್ (ಗುಂಡು ಗ್ರಂಥಿಗಳು), ಪ್ಯಾಪಿಲರಿ (ತಿರುಳಿರುವ ಬೆರಳಿನಂಥ ಚಾಚುಗಳು), ಮೈಕ್ರೋಪ್ಯಾಪಿಲರಿ (ತಿರುಳಿಲ್ಲದ ಪುಟ್ಟ ಗುಚ್ಛಗಳು), ಸಾಲಿಡ್ (ಗ್ರಂಥಿಯ ಆಕಾರವಿಲ್ಲದ ಗಟ್ಟಿ ಗುಂಪು). ಇನ್ ಸೈಟು ಮತ್ತು ಮಿನಿಮಲಿ ಇನ್ವೇಸಿವ್ ಎರಡರಲ್ಲೂ ಪೂರ್ತಿ ತೆಗೆದ ಮೇಲೆ ರೋಗ ಮರಳದೆ ಬದುಕುವವರು ಶೇ. 100ರ ಹತ್ತಿರ. ಹಾಗಾಗಿ ಈ ಎರಡು ಹೆಸರುಗಳನ್ನು ಬರೆಯುವಾಗ ಕೈ ಬಿಗಿ ಇರಬೇಕು. ಧಾರಾಳವಾಗಿ ಬರೆದರೆ ನೋಡಿಕೊಳ್ಳಬೇಕಾದ ರೋಗಿಯನ್ನು ಮನೆಗೆ ಕಳಿಸಿಬಿಟ್ಟಂತಾಗುತ್ತದೆ.

ಸೂಜಿ ಬಯಾಪ್ಸಿಯಲ್ಲಿ ಈ ಎರಡೂ ಹೆಸರನ್ನು ಬರೆಯುವಂತೆಯೇ ಇಲ್ಲ. ಸೂಜಿ ಲೆಪಿಡಿಕ್ ಭಾಗದಲ್ಲಷ್ಟೇ ಹಾದು ಬಂದಿರಬಹುದು, ನುಗ್ಗಿದ ಜಾಗ ಒಂದು ಸೆಂಟಿಮೀಟರ್ ಪಕ್ಕದಲ್ಲಿರಬಹುದು. ‘ಲೆಪಿಡಿಕ್ ವಿನ್ಯಾಸದ ಅಡಿನೋಕಾರ್ಸಿನೋಮಾ’ ಎಂದು ಬರೆದು, ನುಗ್ಗಿದ ಭಾಗ ಈ ಚೂರಿನಲ್ಲಿ ಸಿಗದೇ ಇರಬಹುದು ಎಂಬ ಒಂದು ಸಾಲು ಸೇರಿಸಿ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಚೂರನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ನಿಗೂ ಇದೇ ಮಾತು. ಕ್ಯಾನ್ಸರ್ ಹೌದೋ ಅಲ್ಲವೋ, ಅಂಚಿನಲ್ಲಿ ಉಳಿದಿದೆಯೋ ಇಲ್ಲವೋ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. 4 ಮಿ.ಮೀ. ಇದೆಯೋ 6 ಇದೆಯೋ ಎಂದು ಅದನ್ನು ಕೇಳಬೇಡಿ.

ಸಿಟಿಯಲ್ಲಿ ಅಳೆಯುವುದು

ಲೆಪಿಡಿಕ್ ಬೆಳವಣಿಗೆಯಲ್ಲಿ ಗಾಳಿಗೂಡಿನೊಳಗೆ ಗಾಳಿ ಉಳಿದಿರುತ್ತದೆ, ಗೋಡೆ ಮಾತ್ರ ದಪ್ಪ. ಅದಕ್ಕೇ ಸಿಟಿಯಲ್ಲಿ ಅದು ಮಸುಕು ಗಾಜಿನಂತೆ, ಹಿಂದಿನ ರಕ್ತನಾಳಗಳು ಕಾಣುವಂತೆ ಬರುತ್ತದೆ. ಇದೇ ಗ್ರೌಂಡ್ ಗ್ಲಾಸ್. ನಾಳಗಳು ಕಾಣದಷ್ಟು ಬಿಳಿಯಾದ ಭಾಗ ಸಾಲಿಡ್ (ಮೈಕ್ರೋಸ್ಕೋಪಿನ ಸಾಲಿಡ್ ವಿನ್ಯಾಸ ಬೇರೆ). ಎರಡೂ ಇರುವ ಗಂಟು ಪಾರ್ಟ್ ಸಾಲಿಡ್. ಕ್ಲಿನಿಕಲ್ ಟಿ (ಶಸ್ತ್ರಚಿಕಿತ್ಸೆಗೆ ಮೊದಲಿನ ಟಿ) ಕೊಡುವಾಗ ಸಾಲಿಡ್ ಭಾಗದ ಅತಿ ಉದ್ದದ ಅಳತೆಯನ್ನು ನುಗ್ಗಿದ ಭಾಗಕ್ಕೆ ಬದಲಿಯಾಗಿ ಹಿಡಿಯುತ್ತೇವೆ.

ಸ್ಲೈಸ್ ದಪ್ಪ 1 ಮಿ.ಮೀ. ಇರಲಿ, 1.5 ದಾಟುವುದು ಬೇಡ. 5 ಮಿ.ಮೀ. ಸ್ಲೈಸಿನಲ್ಲಿ ಚಿಕ್ಕ ಸಾಲಿಡ್ ಬಿಂದು ಸುತ್ತಲಿನ ಗಾಳಿಯೊಂದಿಗೆ ಬೆರೆತು ಮಸುಕಾಗಿ ಕಾಣುತ್ತದೆ, ಪಾರ್ಟ್ ಸಾಲಿಡ್ ಗಂಟು ಶುದ್ಧ ಗ್ರೌಂಡ್ ಗ್ಲಾಸ್ ಆಗಿಬಿಡುತ್ತದೆ. ರೋಗಿ ಪೂರ್ತಿ ಉಸಿರು ಎಳೆದು ಹಿಡಿದಿರಬೇಕು. ಅಳೆಯುವುದು ಲಂಗ್ ವಿಂಡೋದಲ್ಲಿ (ಶ್ವಾಸಕೋಶ ಚೆನ್ನಾಗಿ ಕಾಣುವಂತೆ ಹೊಂದಿಸಿದ ಹೊಳಪಿನಲ್ಲಿ), ಶಾರ್ಪ್ ಫಿಲ್ಟರ್ ಚಿತ್ರಗಳ ಮೇಲೆ. ಎದೆಯ ನಡುಭಾಗ ನೋಡಲು ಹೊಂದಿಸಿದ ಮೀಡಿಯಾಸ್ಟೈನಲ್ ವಿಂಡೋದಲ್ಲಿ ಸಾಲಿಡ್ ಭಾಗ ಕುಗ್ಗಿ ಕಾಣುತ್ತದೆ. ಈ ಸಲ ಒಂದು ವಿಂಡೋ, ಮುಂದಿನ ಸಲ ಇನ್ನೊಂದು ಎಂದಾದರೆ ಗಂಟು ಬೆಳೆದಿದೆಯೋ ನೀವು ಬದಲಾದಿರೋ ಗೊತ್ತಾಗುವುದಿಲ್ಲ. ಅಡ್ಡ ಸೀಳು ಒಂದನ್ನೇ ನೋಡಿ ನಿಲ್ಲಿಸದೆ ಕರೋನಲ್ (ಮುಂದಿನಿಂದ ನೋಡಿದ), ಸ್ಯಾಜಿಟಲ್ (ಪಕ್ಕದಿಂದ ನೋಡಿದ) ಎರಡನ್ನೂ ತಿರುಗಿಸಿ, ಎಲ್ಲಿ ಉದ್ದ ಹೆಚ್ಚೋ ಅಲ್ಲಿ ಅಳೆಯಿರಿ. ಒಟ್ಟು ಅಳತೆ, ಸಾಲಿಡ್ ಅಳತೆ ಎರಡನ್ನೂ ಬರೆಯಿರಿ. ಗಂಟಿನೊಳಗೆ ಹಾದುಹೋಗುವ ರಕ್ತನಾಳವನ್ನು ಸಾಲಿಡ್ ಎಂದು ಎಣಿಸುವುದು ಹೊಸಬರ ತಪ್ಪು. ಮುಂದಿನ ಮೂರು ನಾಲ್ಕು ಸ್ಲೈಸ್ ಸರಿಸಿದರೆ ಅದು ಗಂಟಿನಿಂದಾಚೆಗೂ ಹೋಗುವುದು ಕಾಣುತ್ತದೆ.

6 ಮಿ.ಮೀ.ಗಿಂತ ಚಿಕ್ಕ ಶುದ್ಧ ಗ್ರೌಂಡ್ ಗ್ಲಾಸ್ ಗಂಟು ಒಂದೇ ಇದ್ದರೆ, ಎದೆಯ ಚಿತ್ರಣ ತಜ್ಞರ ಫ್ಲೈಷ್ನರ್ ಸೊಸೈಟಿಯ 2017ರ ಸಲಹೆಯಂತೆ ಮಾಮೂಲಿ ಫಾಲೋಅಪ್ ಬೇಡ. 6 ಮತ್ತು ಅದಕ್ಕಿಂತ ದೊಡ್ಡದಾದರೆ 6ರಿಂದ 12 ತಿಂಗಳಲ್ಲಿ ಒಂದು ಸಿಟಿ, ಗಂಟು ಹಾಗೇ ಇದ್ದರೆ 5 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ. ಪಾರ್ಟ್ ಸಾಲಿಡ್ ಆಗಿದ್ದರೆ ಮೊದಲ ಸಿಟಿ 3ರಿಂದ 6 ತಿಂಗಳಲ್ಲೇ. ಸಾಲಿಡ್ ಭಾಗ 6 ಮಿ.ಮೀ. ಮುಟ್ಟಿ ಹಾಗೇ ಉಳಿದರೆ ಅನುಮಾನ ಗಟ್ಟಿ. ಬೆಳೆದಿದೆ ಎನ್ನಲು ಕನಿಷ್ಠ 2 ಮಿ.ಮೀ. ಹೆಚ್ಚಬೇಕು. ಅದಕ್ಕಿಂತ ಕಡಿಮೆಯದು ಕೈಯ ವ್ಯತ್ಯಾಸ.

ಈ ಮೊದಲ ಕಾಯುವಿಕೆ ನಮ್ಮ ದೇಶದಲ್ಲಿ ಇನ್ನೂ ಮುಖ್ಯ. ನ್ಯುಮೋನಿಯಾದ ಮಸುಕು ತಾನಾಗಿ ಕರಗುತ್ತದೆ, ಟಿಬಿಯ ಗ್ರಾನುಲೋಮಾ (ಉರಿಯೂತದ ಗಂಟು) ಕರಗದೆ ಗಂಟಾಗಿ ಉಳಿಯುತ್ತದೆ. ಸಕ್ಕರೆ ಹೆಚ್ಚು ಹೀರುವ ಕೋಶಗಳನ್ನು ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನ್ ಇಲ್ಲಿ ಎರಡೂ ಕಡೆಯಿಂದ ಕೈಕೊಡಬಹುದು. ಟಿಬಿ ಗಂಟು ಹೊಳೆಯಬಹುದು, ಲೆಪಿಡಿಕ್ ಕ್ಯಾನ್ಸರ್ ಹೆಚ್ಚಿನ ಸಲ ಹೊಳೆಯುವುದಿಲ್ಲ. ‘ಪೆಟ್ ನೆಗೆಟಿವ್, ಹಾಗಾಗಿ ಕ್ಯಾನ್ಸರ್ ಅಲ್ಲ’ ಎಂಬ ಸಾಲು ಗ್ರೌಂಡ್ ಗ್ಲಾಸ್ ಗಂಟಿನ ರಿಪೋರ್ಟಿನಲ್ಲಿ ಇರಬಾರದು.

ಗ್ರಾಸಿಂಗ್: ಇಲ್ಲಿ ಕೆಟ್ಟರೆ ಮುಂದೆ ಸರಿಪಡಿಸಲಾಗದು

ಎದೆಯಿಂದ ಹೊರಬಂದ ಶ್ವಾಸಕೋಶ ಗಾಳಿ ಹೋದ ಬಲೂನು. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ನಿಗೆ ಹಾಗೇ ಹಾಕಿದರೆ ಕುಸಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಗೋಡೆಗೆ ಗೋಡೆ ಅಂಟಿ, ಬರಿಯ ಲೆಪಿಡಿಕ್ ಬೆಳವಣಿಗೆ ಮೈಕ್ರೋಸ್ಕೋಪಿನಲ್ಲಿ ಅಸಿನಾರ್ ಅಥವಾ ಪ್ಯಾಪಿಲರಿ ವೇಷ ಹಾಕುತ್ತದೆ. ಆದ್ದರಿಂದ ಮೊದಲ ಕೆಲಸ ಉಬ್ಬಿಸುವುದು. ಲೋಬ್ (ಶ್ವಾಸಕೋಶದ ಹಾಲೆ) ಪೂರ್ತಿ ಬಂದಿದ್ದರೆ ಬ್ರಾಂಕಸ್ (ಅದರ ಗಾಳಿ ಕೊಳವೆ) ಮೂಲಕ ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ತುಂಬಿಸಿ, ಪ್ಲೂರಾದ ಸುಕ್ಕು ಬಿಡುವವರೆಗೆ. ವೆಡ್ಜ್ (ಬೆಣೆಯಂತೆ ಕತ್ತರಿಸಿದ ಚಿಕ್ಕ ತುಂಡು) ಆಗಿದ್ದರೆ ಬ್ರಾಂಕಸ್ ಸಿಗುವುದಿಲ್ಲ. ಗೆಡ್ಡೆಯಿಂದ ದೂರದಲ್ಲಿ ಪ್ಲೂರಾದ ಮೂಲಕ ಸಣ್ಣ ಸೂಜಿ ಚುಚ್ಚಿ ನಿಧಾನವಾಗಿ ತುಂಬಿಸಿ. ಗೆಡ್ಡೆಯೊಳಗೇ ಚುಚ್ಚಿದರೆ ಕೋಶಗಳು ಪಕ್ಕದ ಗಾಳಿಗೂಡುಗಳಿಗೆ ತೇಲಿಹೋಗಿ ಇಲ್ಲದ ಚದುರುವಿಕೆಯನ್ನು ತೋರಿಸುತ್ತವೆ.

ಉಬ್ಬಿಸುವ ಮೊದಲೇ ಗೆಡ್ಡೆಯನ್ನು ಬೆರಳಿನಿಂದ ಹುಡುಕಿ ಗುರುತಿಡಿ. ಗ್ರೌಂಡ್ ಗ್ಲಾಸ್ ಗಂಟು ಫಾರ್ಮಲಿನ್ ಕುಡಿದ ಮೇಲೆ ಸುತ್ತಲಿನಷ್ಟೇ ಗಟ್ಟಿಯಾಗುತ್ತದೆ, ಬೆರಳಿಗೆ ಸಿಗುವುದಿಲ್ಲ. ಸರ್ಜನ್ ಹೊಲಿಗೆ ಹಾಕಿ ಜಾಗ ತೋರಿಸಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಸಿಟಿ ಚಿತ್ರ ಎದುರಿಗಿರಲಿ.

ಸ್ಟೇಪಲ್ ಸಾಲಿನಿಂದ ಗೆಡ್ಡೆಗೆ ಇರುವ ದೂರವನ್ನು ಸ್ಟೇಪಲ್ ಕತ್ತರಿಸುವ ಮೊದಲು ಅಳೆಯಿರಿ. ಆಮೇಲೆ ಸ್ಟೇಪಲ್ಲನ್ನು ಆದಷ್ಟು ತೆಳುವಾಗಿ ಕತ್ತರಿಸಿ ತೆಗೆದು, ಅದರ ಕೆಳಗೆ ತೆರೆದ ಮೈಗೆ ಇಂಕ್ ಹಚ್ಚಿ. ಗೆಡ್ಡೆಯ ಅಳತೆ ಹಸಿಯಾಗಿರುವಾಗಲೇ ಒಮ್ಮೆ ಸಿಕ್ಕಿದರೆ ಉತ್ತಮ, ಫಾರ್ಮಲಿನ್ನಿನಲ್ಲಿ ಅಂಗಾಂಶ ಕುಗ್ಗುತ್ತದೆ. ಫಾರ್ಮಲಿನ್ ಪ್ರಮಾಣ ಅಂಗಾಂಶದ 10 ಪಟ್ಟು, ಅವಧಿ 6ರಿಂದ 48 ಗಂಟೆ. ಇಜಿಎಫ್‌ಆರ್ ಎಂಬ ಜೀನಿನ ಪರೀಕ್ಷೆಗೆ ಇದೇ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಂಡು) ಹೋಗುತ್ತದೆ. ಶುಕ್ರವಾರ ಹಾಕಿ ಸೋಮವಾರ ತೆಗೆದ ಅಂಗಾಂಶದಲ್ಲಿ ಡಿಎನ್‌ಎ ಚಿಂದಿಯಾಗಿರಬಹುದು.

ಸೀಳುಗಳು 3ರಿಂದ 4 ಮಿ.ಮೀ. ದಪ್ಪ, ಪ್ಲೂರಾಕ್ಕೆ ಲಂಬವಾಗಿ. ಇನ್ ಸೈಟು ಅಥವಾ ಮಿನಿಮಲಿ ಇನ್ವೇಸಿವ್ ಎಂಬ ಶಂಕೆ ಇದ್ದರೆ ಗೆಡ್ಡೆ ಪೂರ್ತಿ ಬ್ಲಾಕಿಗೆ ಹೋಗಬೇಕು. ‘ಪ್ರಾತಿನಿಧಿಕ ಚೂರುಗಳು’ ನಡೆಯುವುದಿಲ್ಲ. 28 ಮಿ.ಮೀ. ಗೆಡ್ಡೆ 4 ಮಿ.ಮೀ. ಸೀಳಿನಲ್ಲಿ 7 ತುಂಡಾಗುತ್ತದೆ, ದೊಡ್ಡ ತುಂಡುಗಳಿಗೆ ಎರಡೆರಡು ಕ್ಯಾಸೆಟ್ ಬೇಕಾಗಬಹುದು. ತುಂಡುಗಳ ಫೋಟೋ ತೆಗೆದು ಯಾವ ಕ್ಯಾಸೆಟ್ ಎಲ್ಲಿಯದು ಎಂದು ಅದರ ಮೇಲೇ ಬರೆದಿಡಿ. ಒಂದೇ ಸ್ಲೈಡಿನಲ್ಲಿ ಹಿಡಿಯದ ಗೆಡ್ಡೆಯನ್ನು ಮುಂದೆ ಜೋಡಿಸಿ ಅಳೆಯಲು ಈ ನಕ್ಷೆಯೊಂದೇ ಆಧಾರ.

ನುಗ್ಗಿದ್ದು ಯಾವುದು, ನುಗ್ಗದ್ದು ಯಾವುದು

ನುಗ್ಗುವಿಕೆ ಎಂದು ಎಣಿಸುವುದು ಎರಡನ್ನು. ಒಂದು, ಲೆಪಿಡಿಕ್ ಅಲ್ಲದ ಯಾವುದೇ ವಿನ್ಯಾಸ: ಅಸಿನಾರ್, ಪ್ಯಾಪಿಲರಿ, ಮೈಕ್ರೋಪ್ಯಾಪಿಲರಿ, ಸಾಲಿಡ್. ಎರಡು, ಮಯೋಫೈಬ್ರೋಬ್ಲಾಸ್ಟ್ (ಗಾಯ ಕೂಡಿಸುವ ನಾರಿನ ಕೋಶ) ತುಂಬಿದ ಹೊಸ ಸ್ಟ್ರೋಮಾದೊಳಗೆ (ಆಧಾರ ಅಂಗಾಂಶದೊಳಗೆ) ಕುಳಿತ ಗೆಡ್ಡೆ ಕೋಶಗಳು. ಕೋಶವೇ ಇಲ್ಲದ ಹಳೆಯ ಗಾಯದ ಕಲೆ ಲೆಕ್ಕಕ್ಕಿಲ್ಲ. ಕಲೆಯ ನಡುವೆ ಅಂಕುಡೊಂಕು ಗ್ರಂಥಿಗಳಿದ್ದರೆ ಅವು ಹರಡಿದಷ್ಟು ಜಾಗ, ಸ್ಟ್ರೋಮಾ ಸಹಿತ, ಅಳತೆಗೆ ಸೇರುತ್ತದೆ.

ಓದುವಾಗ ಸುಲಭ. ಅನುಭವಿಗಳಲ್ಲೂ ಜಗಳ ಹುಟ್ಟುವುದು ಇಲ್ಲೇ, ಮತ್ತು ಜಗಳದ ಮೂಲ ಹೆಚ್ಚಿನ ಸಲ ಕುಸಿದ ಶ್ವಾಸಕೋಶ. ಕುಸಿತವೋ ನಿಜವಾದ ಅಸಿನಾರ್ ಬೆಳವಣಿಗೆಯೋ ಎಂದು ತಿಳಿಯಲು ಮೊದಲು ಗೆಡ್ಡೆ ಬಿಟ್ಟು ಪಕ್ಕದ ಆರೋಗ್ಯವಾದ ಭಾಗ ನೋಡಿ. ಅದೂ ಅಂಟಿಕೊಂಡಿದ್ದರೆ ಎಚ್ಚರಾಗಿ. ಕುಸಿತದಲ್ಲಿ ಕೋಶದ ಸಾಲುಗಳು ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ, ಒಂದು ಕಡೆ ಹಿಂಬಾಲಿಸಿದರೆ ಗಾಳಿ ತೆರೆದ ಗಾಳಿಗೂಡಿನ ಗೋಡೆಗೆ ಹೋಗಿ ಸೇರುತ್ತವೆ. ಸಂದಿನಲ್ಲಿ ಮ್ಯಾಕ್ರೋಫೇಜುಗಳು (ಕಸ ನುಂಗುವ ಕೋಶಗಳು) ಸಿಕ್ಕಿಕೊಂಡಿರುತ್ತವೆ. ಎಲಾಸ್ಟಿಕ್ ಸ್ಟೇನ್ (ಹಿಗ್ಗುವ ನಾರುಗಳನ್ನು ತೋರಿಸುವ ಬಣ್ಣ) ಹಾಕಿದರೆ ಗಾಳಿಗೂಡಿನ ಕಪ್ಪು ಚೌಕಟ್ಟು ಮಡಿಚಿಕೊಂಡಿದ್ದರೂ ಮುರಿದಿರುವುದಿಲ್ಲ. ಕೋಶದ ಒಂದು ಪ್ರೋಟೀನ್ ಗುರುತಿಸುವ ಸೈಟೋಕೆರಾಟಿನ್ 7 ಸ್ಟೇನ್ ಆ ಮಡಿಕೆಗಳನ್ನು ಇನ್ನೂ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ನಿಜವಾದ ನುಗ್ಗುವಿಕೆಯಲ್ಲಿ ಚೌಕಟ್ಟು ಚೂರಾಗಿರುತ್ತದೆ, ಗ್ರಂಥಿಗಳು ದಿಕ್ಕಾಪಾಲಾಗಿರುತ್ತವೆ, ಸುತ್ತ ನೀಲಿಛಾಯೆಯ ಎಳೆಯ ಸ್ಟ್ರೋಮಾ ಇರುತ್ತದೆ, ಕೋಶಗಳ ನ್ಯೂಕ್ಲಿಯಸ್ಸೂ ಹೆಚ್ಚಿನ ಸಲ ದಪ್ಪಗಾಗಿರುತ್ತದೆ. ಓರೆಯಾಗಿ ಕತ್ತರಿಸಿದ ಗೋಡೆ ಪ್ಯಾಪಿಲರಿಯಂತೆ ಕಾಣುವುದೂ ಉಂಟು. ಆಳದ ಇನ್ನೆರಡು ಸೆಕ್ಷನ್ ಮಾಡಿಸಿದರೆ ಬಹಳಷ್ಟು ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಇಷ್ಟಾದ ಮೇಲೂ ತೀರ್ಮಾನ ಆಗದಿದ್ದರೆ ಟಿಎನ್‌ಎಂನ ಸಾಮಾನ್ಯ ನಿಯಮ ಇದೆ: ಅನುಮಾನವಿದ್ದಲ್ಲಿ ಕೆಳಗಿನ ವರ್ಗ ಕೊಡಿ. ಅದನ್ನು ಕೊನೆಗೆ ಬಳಸಿ, ಮೊದಲಿಗಲ್ಲ.

ಗಾಳಿ ಜಾಗಗಳಲ್ಲಿ ಚದುರುವಿಕೆಯನ್ನು ಲ್ಯಾಬ್ ಭಾಷೆಯಲ್ಲಿ ಸ್ಟಾಸ್ ಎನ್ನುತ್ತಾರೆ. ಗೆಡ್ಡೆಯ ಅಂಚಿನಾಚೆ ಗಾಳಿಗೂಡುಗಳಲ್ಲಿ ಮೈಕ್ರೋಪ್ಯಾಪಿಲರಿ ಗುಚ್ಛ, ಸಾಲಿಡ್ ಗುಂಪು ಅಥವಾ ಒಂಟಿ ಕೋಶಗಳು. ಇದನ್ನು ಗೆಡ್ಡೆಯ ಅಳತೆಗೆ ಸೇರಿಸುವುದಿಲ್ಲ, ಇದೆ ಎಂದು ಮಾತ್ರ ಬರೆಯಬೇಕು. ಚಾಕು ಎಳೆದು ತಂದ ಕೋಶಗಳು ಇದರ ನಕಲು. ಅವು ಹರಿದ ಅಂಚಿನ ಪಟ್ಟಿಗಳಾಗಿ, ಸೆಕ್ಷನ್ನಿನ ಯಾವುದೋ ಒಂದು ಮೂಲೆಯಲ್ಲಿ, ಗೆಡ್ಡೆಯಿಂದ ಸರಣಿ ಕಡಿದು ಬಿದ್ದಿರುತ್ತವೆ. ಗೆಡ್ಡೆಯ ಅಂಚಿನಿಂದ ಹೊರಗೆ ಒಂದಾದ ಮೇಲೊಂದು ಗಾಳಿಗೂಡಿನಲ್ಲಿ ಕೋಶಗಳಿದ್ದರೆ ನಿಜ ಎಂದು ನಂಬಬಹುದು.

ಲೆಕ್ಕ ಹಾಕುವುದು

ನುಗ್ಗಿದ ಜಾಗ ಒಂದೇ ಕಡೆ, ಒಂದೇ ಸ್ಲೈಡಿನಲ್ಲಿ ಇದ್ದರೆ ಸ್ಕೇಲ್ ಇಟ್ಟು ಅಳೆಯಿರಿ, ಮುಗಿಯಿತು. ಹಲವು ಕಡೆ ಹಂಚಿಹೋಗಿದ್ದರೆ ನುಗ್ಗಿದ ವಿನ್ಯಾಸಗಳ ಶೇಕಡಾ ಕೂಡಿಸಿ, ಒಟ್ಟು ಗೆಡ್ಡೆಯ ಅಳತೆಯಿಂದ ಗುಣಿಸಿ. ಶೇಕಡಾವಾರನ್ನು 5ರ ಹೆಜ್ಜೆಯಲ್ಲಿ ಅಂದಾಜಿಸುವುದು ರೂಢಿ.

22 ಮಿ.ಮೀ. ಗೆಡ್ಡೆ, ಒಂದೇ ಜಾಗದಲ್ಲಿ 4 ಮಿ.ಮೀ. ಅಸಿನಾರ್, ಬೇರೆ ಯಾವ ಕೆಟ್ಟ ಲಕ್ಷಣವೂ ಇಲ್ಲ ಎನ್ನೋಣ. ಮಿನಿಮಲಿ ಇನ್ವೇಸಿವ್, ಟಿ1ಎಂಐ, 1ಎ1.

ಅದೇ 22 ಮಿ.ಮೀ. ಗೆಡ್ಡೆಯ ಮೂರು ಬೇರೆ ಬೇರೆ ಸ್ಲೈಡುಗಳಲ್ಲಿ ಚಿಕ್ಕ ಚಿಕ್ಕ ನುಗ್ಗುವಿಕೆ ಇದೆ, ಯಾವುದೂ 4 ಮಿ.ಮೀ. ಮೀರಿಲ್ಲ. ದೊಡ್ಡದನ್ನು ಮಾತ್ರ ಹಿಡಿದು ‘4 ಮಿ.ಮೀ., ಮಿನಿಮಲಿ ಇನ್ವೇಸಿವ್’ ಎಂದು ಬರೆಯುವ ಆಸೆ ಆಗುತ್ತದೆ. ತಪ್ಪು. ಮೂರೂ ಸೇರಿ ಗೆಡ್ಡೆಯ ಶೇ. 30 ಆಗುತ್ತದೆ ಎಂದರೆ 22ರಲ್ಲಿ 6.6, ಅಂದರೆ 7 ಮಿ.ಮೀ. ಇದು ಲೆಪಿಡಿಕ್ ಹೆಚ್ಚಿರುವ ಇನ್ವೇಸಿವ್ ಅಡಿನೋಕಾರ್ಸಿನೋಮಾ, ಟಿ1ಎ. ಹಂತ ಮಾತ್ರ ಈಗಲೂ 1ಎ1. ಹಂತ ಒಂದೇ ಎಂದು ಹೆಸರನ್ನೂ ಒಂದೇ ಮಾಡಬೇಡಿ.

28 ಮಿ.ಮೀ. ಗೆಡ್ಡೆ: ಲೆಪಿಡಿಕ್ ಶೇ. 40, ಅಸಿನಾರ್ 45, ಮೈಕ್ರೋಪ್ಯಾಪಿಲರಿ 15. ನುಗ್ಗಿದ್ದು ಶೇ. 60, ಅಂದರೆ 16.8, ಸುಮಾರು 17 ಮಿ.ಮೀ. ಟಿ1ಬಿ, 1ಎ2.

18 ಮಿ.ಮೀ. ಗೆಡ್ಡೆ, ನುಗ್ಗಿದ್ದು 4 ಮಿ.ಮೀ., ಆದರೆ ಸ್ಟಾಸ್ ಇದೆ. ಮಿನಿಮಲಿ ಇನ್ವೇಸಿವ್ ಅಲ್ಲ, ಹಾಗಾಗಿ ಟಿ1ಎಂಐಯೂ ಅಲ್ಲ. ಟಿ1ಎ.

ಲೋಳೆ ಸುರಿಸುವ ಇನ್ವೇಸಿವ್ ಮ್ಯೂಸಿನಸ್ ಅಡಿನೋಕಾರ್ಸಿನೋಮಾಕ್ಕೆ ಈ ರಿಯಾಯಿತಿ ಇಲ್ಲ. ಅಲ್ಲಿ ಲೆಪಿಡಿಕ್ ಎಷ್ಟಿದ್ದರೂ ಇಡೀ ಗೆಡ್ಡೆಯ ಅಳತೆಯೇ ಟಿ.

ಟಿ ಮೆಟ್ಟಿಲುಗಳು

- ಟಿಐಎಸ್: ಇನ್ ಸೈಟು, 3 ಸೆಂ.ಮೀ. ವರೆಗೆ. ಹಂತ 0.
- ಟಿ1ಎಂಐ: ಒಟ್ಟು 3 ಸೆಂ.ಮೀ. ವರೆಗೆ, ನುಗ್ಗಿದ್ದು 5 ಮಿ.ಮೀ. ವರೆಗೆ. ಹಂತ 1ಎ1.
- ಟಿ1ಎ: ನುಗ್ಗಿದ್ದು 10 ಮಿ.ಮೀ. ವರೆಗೆ. ಹಂತ 1ಎ1.
- ಟಿ1ಬಿ: 10 ದಾಟಿ 20ರವರೆಗೆ. ಹಂತ 1ಎ2.
- ಟಿ1ಸಿ: 20 ದಾಟಿ 30ರವರೆಗೆ. ಹಂತ 1ಎ3.
- ಟಿ2ಎ: 30 ದಾಟಿ 40ರವರೆಗೆ. ಹಂತ 1ಬಿ.
- ಟಿ2ಬಿ: 40 ದಾಟಿ 50ರವರೆಗೆ. ಹಂತ 2ಎ.

ಹಂತಗಳೆಲ್ಲ ಲಿಂಫ್ ನೋಡಿನಲ್ಲಿ ರೋಗವಿಲ್ಲ, ದೂರಕ್ಕೆ ಹರಡಿಲ್ಲ ಎಂಬ ಲೆಕ್ಕದಲ್ಲಿ. ರಿಪೋರ್ಟಿನಲ್ಲಿ ಹಂತವನ್ನು ರೋಮನ್ ಅಂಕಿಯಲ್ಲಿ ಮುದ್ರಿಸಿರುತ್ತಾರೆ.

ಎರಡು ಮೂಲೆಯ ಪ್ರಕರಣಗಳು ಪದೇ ಪದೇ ಕೇಳಿಬರುತ್ತವೆ. ಪೂರ್ತಿ ಲೆಪಿಡಿಕ್, ಆದರೆ 3 ಸೆಂ.ಮೀ. ದಾಟಿದೆ: ಇನ್ ಸೈಟು ಎನ್ನಲಾಗದು, ಟಿ1ಎ ಕೊಡಿ. ನುಗ್ಗಿದ್ದು 5 ಮಿ.ಮೀ. ಒಳಗೆ, ಒಟ್ಟು 3 ಸೆಂ.ಮೀ. ದಾಟಿದೆ: ಇದೂ ಟಿ1ಎ.

ಅಳತೆಯನ್ನೇ ಬದಿಗೆ ತಳ್ಳುವುದು ಪ್ಲೂರಾ. ಎಲಾಸ್ಟಿಕ್ ಪದರ ದಾಟಿದರೆ ಪಿಎಲ್1, ಪ್ಲೂರಾದ ಹೊರಮೈ ಮುಟ್ಟಿದರೆ ಪಿಎಲ್2. ಎರಡೂ ಟಿ2ಎ. ಗೆಡ್ಡೆ 12 ಮಿ.ಮೀ. ಇದ್ದರೂ ಹಂತ 1ಬಿಗೆ ಏರುತ್ತದೆ. ಎದೆಗೋಡೆಯ ಕಡೆಯ ಪ್ಲೂರಾಕ್ಕೆ ಹೋದರೆ ಪಿಎಲ್3, ಅದು ಟಿ3. ಮಾಮೂಲಿ ಎಚ್ ಆ್ಯಂಡ್ ಇ ಸ್ಟೇನಿನಲ್ಲಿ ಎಲಾಸ್ಟಿಕ್ ಪದರ ಸ್ಪಷ್ಟವಾಗಿ ಕಾಣುವುದಿಲ್ಲ. ಗೆಡ್ಡೆ ಪ್ಲೂರಾದ ಹತ್ತಿರವಿದ್ದು ಸುಕ್ಕು ಎಳೆದಿದ್ದರೆ ಎಲಾಸ್ಟಿಕ್ ಸ್ಟೇನ್ ಇಲ್ಲದೆ ಪಿಎಲ್0 (ಆ ಪದರ ದಾಟಿಲ್ಲ) ಎಂದು ಬರೆಯುವುದು ಊಹೆ ಮಾತ್ರ. ಸುಕ್ಕು ಇದ್ದ ಮಾತ್ರಕ್ಕೆ ಪ್ಲೂರಾ ದಾಟಿದೆ ಎಂದೂ ಅಲ್ಲ.

ಗ್ರೇಡ್

ಹಂತ ಒಂದು, ಗ್ರೇಡ್ ಇನ್ನೊಂದು. ಗ್ರೇಡ್ ಎಂದರೆ ವಿನ್ಯಾಸ ಎಷ್ಟು ಕೆಟ್ಟದು ಎಂಬುದರ ಅಂಕ. ಅಂತರರಾಷ್ಟ್ರೀಯ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನ ಸಂಘದ ಪೆಥಾಲಜಿ ಸಮಿತಿ 2020ರಲ್ಲಿ ಕೊಟ್ಟ ಪದ್ಧತಿ ಸರಳ. ಸಾಲಿಡ್, ಮೈಕ್ರೋಪ್ಯಾಪಿಲರಿ, ಕ್ರಿಬ್ರಿಫಾರ್ಮ್ (ಜರಡಿಯಂತೆ ತೂತಾದ) ಮತ್ತು ಹೆಣೆದುಕೊಂಡ ಸಂಕೀರ್ಣ ಗ್ರಂಥಿಗಳು, ಇವು ಹೈ ಗ್ರೇಡ್. ಇವೆಲ್ಲ ಸೇರಿ ಶೇ. 20 ಮುಟ್ಟಿದರೆ ಉಳಿದದ್ದು ಏನೇ ಇರಲಿ ಗ್ರೇಡ್ 3. ಮುಟ್ಟದಿದ್ದರೆ, ಲೆಪಿಡಿಕ್ ಹೆಚ್ಚಿದ್ದಲ್ಲಿ ಗ್ರೇಡ್ 1, ಅಸಿನಾರ್ ಅಥವಾ ಪ್ಯಾಪಿಲರಿ ಹೆಚ್ಚಿದ್ದಲ್ಲಿ ಗ್ರೇಡ್ 2. ಮೇಲಿನ 28 ಮಿ.ಮೀ. ಗೆಡ್ಡೆ ಮೈಕ್ರೋಪ್ಯಾಪಿಲರಿ ಶೇ. 15 ಇದ್ದುದರಿಂದ ಗ್ರೇಡ್ 2. ಇನ್ನು 5 ಹೆಚ್ಚಿದ್ದರೆ 3. ಈ ಗಡಿಯಲ್ಲಿ ಕ್ರಿಬ್ರಿಫಾರ್ಮನ್ನು ಅಸಿನಾರ್ ಎಂದು ಎಣಿಸಿಬಿಡುವುದು ಸಾಮಾನ್ಯ. ಶೇ. 15 ಎಂದು ಬರೆಯುವ ಮೊದಲು ಅಸಿನಾರ್ ಎಂದು ಬಿಟ್ಟ ಜಾಗಗಳನ್ನು ಇನ್ನೊಮ್ಮೆ ನೋಡಿ.

ನೋಡುಗಳು, ಮತ್ತು ಒಂದಕ್ಕಿಂತ ಹೆಚ್ಚು ಗಂಟುಗಳು

ಲಿಂಫ್ ನೋಡ್ ತೆಗೆಯದೆ ಎನ್0 (ನೋಡಿನಲ್ಲಿ ರೋಗವಿಲ್ಲ) ಎನ್ನುವುದು ಹಿಟ್ಟು ಅಳೆಯದೆ ರೊಟ್ಟಿ ಎಣಿಸಿದಂತೆ. ಕನಿಷ್ಠ 6 ಬೇಕು: ಮೀಡಿಯಾಸ್ಟೈನಮ್ಮಿನ (ಎರಡು ಶ್ವಾಸಕೋಶಗಳ ನಡುವಿನ ಜಾಗದ) 3, ಅದರಲ್ಲಿ ಕರೀನಾದ (ಗಾಳಿ ಕೊಳವೆ ಕವಲೊಡೆಯುವ ಜಾಗದ) ಕೆಳಗಿನದು ಸೇರಿರಲಿ, ಹೈಲಮ್ (ಶ್ವಾಸಕೋಶದ ಬುಡ) ಮತ್ತು ಶ್ವಾಸಕೋಶದೊಳಗಿನ 3. ಶ್ವಾಸಕೋಶದೊಳಗಿನವನ್ನು ಹುಡುಕಿ ತೆಗೆಯುವುದು ಗ್ರಾಸಿಂಗ್ ಮಾಡುವವರ ಕೆಲಸ, ಸರ್ಜನ್ನಿನದಲ್ಲ. 9ನೇ ಆವೃತ್ತಿ ಟಿಯನ್ನು ಮುಟ್ಟದಿದ್ದರೂ ಇಲ್ಲಿ ಕೈಯಾಡಿಸಿದೆ. ಎನ್2 (ಅದೇ ಬದಿಯ ಮೀಡಿಯಾಸ್ಟೈನಮ್ ಅಥವಾ ಕರೀನಾದ ಕೆಳಗಿನ ನೋಡುಗಳಲ್ಲಿ ರೋಗ) ಈಗ ಎರಡು ಹೋಳು: ಒಂದೇ ಸ್ಟೇಷನ್ನಿನಲ್ಲಿದ್ದರೆ (ನೋಡುಗಳ ಒಂದೇ ಗುಂಪಿನಲ್ಲಿದ್ದರೆ) ಎನ್2ಎ, ಹಲವು ಸ್ಟೇಷನ್ನಿನಲ್ಲಿದ್ದರೆ ಎನ್2ಬಿ. ಟಿ1 ಗೆಡ್ಡೆಗೆ ಎನ್1 (ಹೈಲಮ್ ಅಥವಾ ಶ್ವಾಸಕೋಶದೊಳಗಿನ ನೋಡಿನಲ್ಲಿ ರೋಗ) ಇದ್ದರೆ ಹಿಂದೆ 2ಬಿ, ಈಗ 2ಎ. ಎನ್2ಎ ಇದ್ದರೆ 2ಬಿ, ಎನ್2ಬಿ ಇದ್ದರೆ 3ಎ. ಆದ್ದರಿಂದ ಯಾವ ಆವೃತ್ತಿ ಬಳಸಿದಿರಿ ಎಂದು ರಿಪೋರ್ಟಿನಲ್ಲಿ ಬರೆಯಲೇಬೇಕು.

ಗ್ರೌಂಡ್ ಗ್ಲಾಸ್ ಗಂಟುಗಳು ಹಲವಿದ್ದರೆ ಅವನ್ನು ಹರಡುವಿಕೆ ಎಂದು ಹೆದರಬೇಡಿ. ಅತಿ ಹೆಚ್ಚಿನ ಟಿ ಬರೆದು, ಪಕ್ಕದಲ್ಲಿ ಬ್ರಾಕೆಟ್ಟಿನೊಳಗೆ ಸಂಖ್ಯೆ ಅಥವಾ ‘ಎಂ’ (ಮಲ್ಟಿಪಲ್, ಅಂದರೆ ಹಲವು) ಹಾಕುತ್ತಾರೆ. ಉದಾಹರಣೆಗೆ ಟಿ1ಬಿ(3). ಎನ್ ಮತ್ತು ಎಂ ಎಲ್ಲಕ್ಕೂ ಸೇರಿ ಒಂದೇ. ಸಾಲಿಡ್ ಗಂಟುಗಳ ಕಥೆ ಬೇರೆ. ಒಂದೇ ಗೆಡ್ಡೆಯಿಂದ ಹರಡಿದ್ದು ಎಂದಾದರೆ ಅದೇ ಲೋಬಿನಲ್ಲಿ ಟಿ3, ಅದೇ ಬದಿಯ ಬೇರೆ ಲೋಬಿನಲ್ಲಿ ಟಿ4, ಇನ್ನೊಂದು ಬದಿಯಲ್ಲಿ ಎಂ1ಎ.

ಎರಡೂ ಅಳತೆ ಯಾಕೆ ಬರೆಯಬೇಕು

ನುಗ್ಗಿದ ಅಳತೆ ಮಾತ್ರ ಬರೆದು ಒಟ್ಟು ಅಳತೆ ಬಿಟ್ಟ ರಿಪೋರ್ಟ್ ಅರ್ಧ ರಿಪೋರ್ಟ್. 35 ಮಿ.ಮೀ. ಗೆಡ್ಡೆಯಲ್ಲಿ ನುಗ್ಗಿದ್ದು 20 ಮಿ.ಮೀ. ಎಂದಿಟ್ಟುಕೊಳ್ಳಿ. ಇಂದಿನ ಲೆಕ್ಕದಲ್ಲಿ ಟಿ1ಬಿ, 1ಎ2. 7ನೇ ಆವೃತ್ತಿಯಲ್ಲಿ ಅದೇ ಟಿ2ಎ, 1ಬಿ. ಇಜಿಎಫ್‌ಆರ್ ಬದಲಾವಣೆ ಇರುವವರಿಗೆ ಶಸ್ತ್ರಚಿಕಿತ್ಸೆಯ ನಂತರ ಓಸಿಮರ್ಟಿನಿಬ್ ಮಾತ್ರೆ ಕೊಟ್ಟು ನೋಡಿದ ಅಡೌರಾ ಅಧ್ಯಯನ 7ನೇ ಆವೃತ್ತಿಯ 1ಬಿಯಿಂದ 3ಎವರೆಗಿನವರನ್ನು ಸೇರಿಸಿಕೊಂಡಿತ್ತು. ಮಾತ್ರೆ ಕೊಡಬೇಕೋ ಬೇಡವೋ ಎಂದು ಆಂಕಾಲಜಿಸ್ಟ್ ಯೋಚಿಸಲು ಎರಡೂ ಅಂಕಿ ಬೇಕು.

ಸರ್ಜನ್ನಿಗೂ ಬೇಕು. ಜಪಾನಿನ ಅಧ್ಯಯನಗಳು ಸಾಲಿಡ್ ಭಾಗವನ್ನು ಒಟ್ಟು ಅಳತೆಯಿಂದ ಭಾಗಿಸಿ ಬರುವ ಅನುಪಾತದ ಮೇಲೆ ನಿಂತಿವೆ. 2 ಸೆಂ.ಮೀ. ವರೆಗಿನ, ಅನುಪಾತ 0.25 ಮೀರದ ಗಂಟುಗಳಲ್ಲಿ ಬಹುಪಾಲು ವೆಡ್ಜ್ ಮಾತ್ರ ಮಾಡಿದ ಜೆಸಿಒಜಿ0804 ಅಧ್ಯಯನದಲ್ಲಿ 5 ವರ್ಷದ ಬಳಿಕ ಶೇ. 99.7 ಮಂದಿ ರೋಗ ಮರಳದೆ ಇದ್ದರು. ಅನುಪಾತ 0.5 ದಾಟಿದ, 2 ಸೆಂ.ಮೀ. ವರೆಗಿನ ಗೆಡ್ಡೆಗಳಲ್ಲಿ ಲೋಬೆಕ್ಟಮಿಯನ್ನೂ (ಪೂರ್ತಿ ಲೋಬ್ ತೆಗೆಯುವುದು) ಸೆಗ್ಮೆಂಟೆಕ್ಟಮಿಯನ್ನೂ (ಲೋಬಿನ ಒಂದು ಭಾಗ ತೆಗೆಯುವುದು) ಹೋಲಿಸಿದ ಜೆಸಿಒಜಿ0802ರಲ್ಲಿ 5 ವರ್ಷ ಬದುಕಿದವರು ಸೆಗ್ಮೆಂಟೆಕ್ಟಮಿಯಲ್ಲಿ ಶೇ. 94.3, ಲೋಬೆಕ್ಟಮಿಯಲ್ಲಿ 91.1. ಅದೇ ಜಾಗದಲ್ಲಿ ಮರಳುವಿಕೆ ಮಾತ್ರ ಸೆಗ್ಮೆಂಟೆಕ್ಟಮಿಯಲ್ಲಿ ಶೇ. 10.5, ಲೋಬೆಕ್ಟಮಿಯಲ್ಲಿ 5.4. ಸಿಟಿಯಲ್ಲಿ ಸಾಲಿಡ್ 5 ಬದಲು 8 ಎಂದು ಬರೆದರೆ 20 ಮಿ.ಮೀ. ಗಂಟಿನ ಅನುಪಾತ 0.25ರಿಂದ 0.4ಕ್ಕೆ ಜಿಗಿಯುತ್ತದೆ, ಮಾಡುವ ಶಸ್ತ್ರಚಿಕಿತ್ಸೆಯೇ ಬದಲಾಗಬಹುದು.

ರಿಪೋರ್ಟ್ ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವ ಮನೆಯವರು ಅದರಲ್ಲಿ ಹುಡುಕಬೇಕಾದದ್ದು ಇಷ್ಟು: ಒಟ್ಟು ಅಳತೆ, ನುಗ್ಗಿದ ಅಳತೆ, ವಿನ್ಯಾಸಗಳ ಶೇಕಡಾವಾರು, ಪ್ಲೂರಾ, ನಾಳಗಳು, ಸ್ಟಾಸ್, ಅಂಚಿನ ದೂರ, ನೋಡುಗಳ ಸಂಖ್ಯೆ, ಆವೃತ್ತಿ. ಇದರಲ್ಲಿ ಯಾವುದಾದರೂ ಇಲ್ಲದಿದ್ದರೆ ಡಾಕ್ಟರನ್ನು ಕೇಳುವುದು ಉದ್ಧಟತನವಲ್ಲ. ಬ್ಲಾಕುಗಳು ಲ್ಯಾಬಿನಲ್ಲೇ ಇರುತ್ತವೆ, ಪೂರಕ ರಿಪೋರ್ಟ್ ಬರೆಸಬಹುದು.

ಸಿಟಿಯೂ ಸ್ಲೈಡೂ ಒಪ್ಪದಿದ್ದಾಗ

ಸಿಟಿಯಲ್ಲಿ ಸಾಲಿಡ್ 12 ಮಿ.ಮೀ., ಸ್ಲೈಡಿನಲ್ಲಿ ನುಗ್ಗಿದ್ದು 4 ಮಿ.ಮೀ. ಬಂದರೆ ಗಾಬರಿ ಬೇಡ. ಕಲೆ, ಕುಸಿತ, ಉರಿಯೂತ, ಲೋಳೆ ಎಲ್ಲವೂ ಸಿಟಿಯಲ್ಲಿ ಬಿಳಿಯೇ. ಸ್ಲೈಡಿನಲ್ಲಿ ಅಂಥ ಕಾರಣ ಕಂಡರೆ ಸ್ಲೈಡಿನ ಮಾತೇ ಕೊನೆ. ಕಾಣದಿದ್ದರೆ ಗೆಡ್ಡೆ ಪೂರ್ತಿ ಬ್ಲಾಕಿಗೆ ಹೋಗಿಲ್ಲ ಎಂದು ತಿಳಿದು, ಫಾರ್ಮಲಿನ್ ಡಬ್ಬಿಯಲ್ಲಿ ಉಳಿದ ತುಂಡುಗಳನ್ನು ತೆಗೆದು ನೋಡಿ. ತದ್ವಿರುದ್ಧವಾಗಿ ಸಿಟಿಯಲ್ಲಿ ಶುದ್ಧ ಗ್ರೌಂಡ್ ಗ್ಲಾಸ್, ಸ್ಲೈಡಿನಲ್ಲಿ ಶೇ. 70 ಅಸಿನಾರ್ ಎಂದರೆ ಮೊದಲು ಶಂಕಿಸಬೇಕಾದದ್ದು ಉಬ್ಬಿಸದೆ ಫಿಕ್ಸ್ ಮಾಡಿದ ಶ್ವಾಸಕೋಶವನ್ನು. ಎಲಾಸ್ಟಿಕ್ ಸ್ಟೇನ್ ಹಾಕಿಸಿ, ರೇಡಿಯಾಲಜಿಸ್ಟ್ ಜೊತೆ ಕೂತು 1 ಮಿ.ಮೀ. ಸ್ಲೈಸುಗಳನ್ನು ಒಮ್ಮೆ ಸರಿಸಿ ನೋಡಿ, ಆಮೇಲೆ ಸಹಿ ಹಾಕಿ. ಕುಸಿದು ಕುಗ್ಗಿದ ಸ್ಪೆಸಿಮನ್ನಿನಲ್ಲಿ ಒಟ್ಟು ಅಳತೆ ನಂಬುವಂತಿಲ್ಲದಿದ್ದರೆ ಸಿಟಿಯ ಒಟ್ಟು ಅಳತೆಯನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿ, ಹಾಗೆ ಮಾಡಿದ್ದೇವೆ ಎಂದು ಷರಾದಲ್ಲಿ ಬರೆಯಿರಿ.